ಮಳೆನೀರು, ವಿದ್ಯುತ್ತು, ಇಟ್ಟಿಗೆ: ಕೊಚ್ಚಿ ಹಾಗೂ ತಿರುವನಂತಪುರದ ಉಳಿತಾಯ ಕಾರ್ಯಕ್ರಮಗಳು

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ತಿಂಗಳ ಲೆಕ್ಕದ ಪುಸ್ತಕದಲ್ಲಿ ವಿದ್ಯುತ್ ಬಿಲ್ಲು, ನೀರಿನ ಖರ್ಚು ಮತ್ತು ಮನೆ ಸಾಲದ ಕಂತು ಈ ಮೂರು ಬಾಬತ್ತುಗಳು ತಪ್ಪದೆ ಇರುತ್ತವೆ. ಮೂರನ್ನೂ ಕಡಿಮೆ ಮಾಡುವ ಉಪಾಯಗಳನ್ನು ಜನಸಾಮಾನ್ಯರ ಮನೆಬಾಗಿಲಿಗೆ ಒಯ್ಯುವ ಪ್ರಯತ್ನ ನೆರೆಯ ಕೇರಳದಲ್ಲಿ ಅರ್ಧ ಶತಮಾನದಿಂದ ನಡೆದುಬಂದಿದೆ. ತಿರುವನಂತಪುರವು ಆ ಪ್ರಯತ್ನದ ತವರು. ಕೊಚ್ಚಿಯು ಅದರ ಅಗತ್ಯವನ್ನು ಅತ್ಯಂತ ತೀವ್ರವಾಗಿ ಅನುಭವಿಸಿದ ನಗರ.

ಕಾಸರಗೋಡಿನ ಕನ್ನಡಿಗರಿಗೆ ಈ ಎರಡೂ ನಗರಗಳು ಅಪರಿಚಿತವಲ್ಲ. 1956ರ ನವೆಂಬರ್ 1ರಿಂದ ತಿರುವನಂತಪುರ ಅವರ ರಾಜಧಾನಿ. ಹೈಕೋರ್ಟಿನ ಕೆಲಸಕ್ಕೆ ಅವರು ಹೋಗಬೇಕಾದದ್ದು ಕೊಚ್ಚಿಗೆ. ಉಳಿದ ಕನ್ನಡಿಗರಿಗೂ ಇಲ್ಲಿನ ಅನುಭವ ಉಪಯುಕ್ತ. ಏಕೆಂದರೆ ಕೇರಳದಲ್ಲಿ ರೂಪುಗೊಂಡ ನಿರ್ಮಿತಿ ಕೇಂದ್ರದ ಕಲ್ಪನೆ ಇಂದು ಕರ್ನಾಟಕದ ಜಿಲ್ಲೆಗಳಲ್ಲಿ ಮನೆಮಾತಾಗಿದೆ. ಈ ಕಾರ್ಯಕ್ರಮಗಳ ಇತಿಹಾಸವನ್ನು ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೇಸ್ತ್ರಿಯ ಕೈಗೆ, ಅಡುಗೆಮನೆಗೆ ಮತ್ತು ಮನೆಯ ಬಾವಿಗೆ ತಲುಪಿದ ವಿದ್ಯೆ ಬಾಳಿಕೆ ಬಂದಿದೆ. ಕಾಗದದ ನಿಯಮವಾಗಿಯೇ ಉಳಿದದ್ದು ಸೊರಗಿದೆ.

ಹಿನ್ನೆಲೆ

ಕೇರಳದಲ್ಲಿ ವಿಜ್ಞಾನವನ್ನು ಜನರ ಭಾಷೆಯಲ್ಲಿ ಹೇಳುವ ಚಳವಳಿ 1962ರಲ್ಲಿ ಸ್ಥಾಪನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನಿಂದ ಬಲಗೊಂಡಿತು. ಮಲಯಾಳದಲ್ಲಿ ವಿಜ್ಞಾನ ಬರೆಯುವವರ ಕೂಟವಾಗಿ ಆರಂಭವಾದ ಈ ಸಂಸ್ಥೆ ಮುಂದೆ ಹಳ್ಳಿ ಹಳ್ಳಿಗೆ ಹಬ್ಬಿತು. 1970ರ ದಶಕದಲ್ಲಿ ಸೈಲೆಂಟ್ ವ್ಯಾಲಿಯ ಮಳೆಕಾಡಿನಲ್ಲಿ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಪ್ರಸ್ತಾಪ ಬಂದಾಗ ಪರಿಷತ್ತು ಅದನ್ನು ವಿರೋಧಿಸಿತು. ಕೊನೆಗೆ ಯೋಜನೆ ರದ್ದಾಯಿತು, ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅಣೆಕಟ್ಟು ಬೇಡವೆಂದವರು ವಿದ್ಯುತ್ತಿನ ಕೊರತೆಗೆ ಉತ್ತರವನ್ನೂ ಹೇಳಬೇಕಾಗಿತ್ತು. ಇಂಧನವನ್ನು ಉತ್ಪಾದಿಸುವಷ್ಟೇ ಉಳಿಸುವುದೂ ಮುಖ್ಯ ಎಂಬ ಮಾತು ಕೇರಳದ ಸಾರ್ವಜನಿಕ ಚರ್ಚೆಗೆ ಬಂದದ್ದು ಹೀಗೆ. ಪರಿಷತ್ತಿಗೆ 1996ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಅದೇ 1996ರಲ್ಲಿ ಆರಂಭವಾದ ಜನಕೀಯ ಯೋಜನಾ ಆಂದೋಲನವು ರಾಜ್ಯದ ಯೋಜನಾ ವೆಚ್ಚದ ಮೂರನೆಯ ಒಂದಕ್ಕೂ ಹೆಚ್ಚಿನ ಪಾಲನ್ನು ಪಂಚಾಯತಿ ಮತ್ತು ನಗರಸಭೆಗಳ ಕೈಗೆ ಒಪ್ಪಿಸಿತು. 1998ರಲ್ಲಿ ಕುಟುಂಬಶ್ರೀ ಮಹಿಳಾ ಸಂಘಟನೆ ಹುಟ್ಟಿತು. ನಗರಗಳಲ್ಲಿ ಬೀದಿಗೊಂದರಂತೆ ನಿವಾಸಿಗಳ ಸಂಘಗಳು ಬೆಳೆದವು. ತಿರುವನಂತಪುರದಲ್ಲಿ ಇಂತಹ ಸಂಘಗಳ ಒಕ್ಕೂಟ 'ಫ್ರಾಟ್' ಎಂದೂ, ಎರ್ನಾಕುಳಂ ಜಿಲ್ಲೆಯ ಒಕ್ಕೂಟ 'ಎಡ್ರಾಕ್' ಎಂದೂ ಪರಿಚಿತವಾಗಿವೆ. ಮುಂದೆ ವಿವರಿಸುವ ಕಾರ್ಯಕ್ರಮಗಳು ಜನರನ್ನು ಮುಟ್ಟಿದ್ದು ಬಹುತೇಕ ಇಂತಹ ದಾರಿಗಳಿಂದಲೇ.

ಕಟ್ಟಡ ಸಾಮಗ್ರಿ: ಲಾರಿ ಬೇಕರ್ ತೋರಿದ ದಾರಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಜನಿಸಿದ ವಾಸ್ತುಶಿಲ್ಪಿ ಲಾರಿ ಬೇಕರ್ 1945ರಲ್ಲಿ ಕುಷ್ಠರೋಗಿಗಳ ಸೇವಾಸಂಸ್ಥೆಯೊಂದರ ಕಟ್ಟಡಗಳ ಕೆಲಸಕ್ಕಾಗಿ ಭಾರತಕ್ಕೆ ಬಂದರು. ಹಿಮಾಲಯದ ಪಿಥೋರಾಗಢದಲ್ಲಿ ಹಲವು ವರ್ಷ ಇದ್ದು, ಆಮೇಲೆ ಕೇರಳಕ್ಕೆ ಬಂದು, ತಿರುವನಂತಪುರದ ನಾಲಾಂಚಿರದಲ್ಲಿ ನೆಲೆಸಿದರು. ಹತ್ತಿರದಲ್ಲೇ ಸಿಗುವ ಸಾಮಗ್ರಿಯಿಂದ ಮನೆ ಕಟ್ಟಬೇಕು ಎಂಬ ಗಾಂಧೀಜಿಯವರ ಮಾತು ತಮ್ಮ ಕೆಲಸಕ್ಕೆ ಆಧಾರವೆಂದು ಅವರು ಹೇಳುತ್ತಿದ್ದರು. ಭಾರತದ ಪೌರತ್ವ ಪಡೆದ ಅವರಿಗೆ 1990ರಲ್ಲಿ ಪದ್ಮಶ್ರೀ ದೊರೆಯಿತು. 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿಯೇ ನಿಧನರಾದರು.

ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ನೇತೃತ್ವದಲ್ಲಿ 1971ರಲ್ಲಿ ಆರಂಭವಾದ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣ ಬೇಕರರ ಪ್ರಮುಖ ಕೃತಿಗಳಲ್ಲೊಂದು. ತಿರುವನಂತಪುರದ ರೈಲು ಹಾಗೂ ಬಸ್ ನಿಲ್ದಾಣದ ಪಕ್ಕದ ತಂಬಾನೂರಿನಲ್ಲಿ ಸುರುಳಿಯಾಗಿ ಮೇಲೇರುವ ಕೆಂಪು ಇಟ್ಟಿಗೆಯ ಇಂಡಿಯನ್ ಕಾಫಿ ಹೌಸ್ ಕೂಡ ಅವರದೇ. ಅಲ್ಲಿ ದೋಸೆ ತಿಂದ ಅನೇಕ ಪ್ರಯಾಣಿಕರಿಗೆ ಅದು ಯಾರ ಕಲ್ಪನೆಯೆಂಬುದು ತಿಳಿದಿರಲಾರದು.

ಬೇಕರ್ ಬಳಸಿ ಜನಪ್ರಿಯಗೊಳಿಸಿದ ವಿಧಾನಗಳಲ್ಲಿ ಎರಡನ್ನು ಇಲ್ಲಿ ವಿವರಿಸಬಹುದು.

ಮೊದಲನೆಯದು 'ರ್‍ಯಾಟ್ ಟ್ರ್ಯಾಪ್' ಅಥವಾ ಇಲಿಬೋನು ಜೋಡಣೆ. ಸಾಮಾನ್ಯ ಗೋಡೆಯಲ್ಲಿ ಇಟ್ಟಿಗೆಯನ್ನು ಅಗಲವಾಗಿ ಮಲಗಿಸಿ ಇಡುತ್ತಾರೆ. ಈ ವಿಧಾನದಲ್ಲಿ ಅಂಚಿನ ಮೇಲೆ ನಿಲ್ಲಿಸಿ ಇಡುತ್ತಾರೆ. ಗೋಡೆಯ ದಪ್ಪ ಅದೇ ಒಂಬತ್ತು ಅಂಗುಲ ಇರುತ್ತದೆ. ಒಳಗೆ ಮಾತ್ರ ಟೊಳ್ಳು ಉಳಿಯುತ್ತದೆ. ಇದರಿಂದ ಸುಮಾರು ಶೇಕಡಾ 25ರಷ್ಟು ಇಟ್ಟಿಗೆ ಉಳಿಯುತ್ತದೆ, ಅಂದರೆ ಸಾವಿರ ಇಟ್ಟಿಗೆ ಬೇಕಾದಲ್ಲಿ ಸುಮಾರು 750 ಸಾಕಾಗುತ್ತದೆ. ಗಾರೆಯೂ ಕಡಿಮೆ ಸಾಕು. ಒಳಗಿನ ಗಾಳಿಯ ಪದರ ಬಿಸಿಲಿನ ಶಾಖವನ್ನು ತಡೆಯುವುದರಿಂದ ಮನೆ ತಂಪಾಗಿರುತ್ತದೆ. ಇಟ್ಟಿಗೆಯ ಮುಖ ಅಂದವಾಗಿದ್ದರೆ ಗಿಲಾವು, ಬಣ್ಣಗಳ ಖರ್ಚೂ ತಪ್ಪುತ್ತದೆ.

ಎರಡನೆಯದು 'ಫಿಲ್ಲರ್ ಸ್ಲ್ಯಾಬ್'. ಕಾಂಕ್ರೀಟ್ ತಾರಸಿಯ ಮೇಲಿನ ಭಾಗ ಒತ್ತಡವನ್ನು ತಾಳುತ್ತದೆ, ಕೆಳಗಿನ ಭಾಗದ ಎಳೆತವನ್ನು ಉಕ್ಕಿನ ಸರಳು ತಾಳುತ್ತದೆ. ಆದ್ದರಿಂದ ಕೆಳಭಾಗದಲ್ಲಿ ಸರಳುಗಳ ನಡುವೆ ಇರುವ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಹಗುರವಾದ ಹಳೆಯ ಹಂಚುಗಳನ್ನು ಇಟ್ಟರೆ ಶೇಕಡಾ 20ರಿಂದ 30ರಷ್ಟು ಕಾಂಕ್ರೀಟ್ ಉಳಿಯುತ್ತದೆ. ತಾರಸಿಯ ತೂಕ ಇಳಿಯುವುದರಿಂದ ಉಕ್ಕೂ ಕಡಿಮೆ ಸಾಕು. ಇಲ್ಲಿ ಬಳಕೆಯಾಗುವುದು ಹೆಚ್ಚಾಗಿ ನಮ್ಮ ಮಂಗಳೂರು ಹಂಚೇ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಡಿತು. ಕಾಂಕ್ರೀಟ್ ಬಂದು ಕೆಳಗಿಳಿದ ಹಂಚು ಹೀಗೆ ಕಾಂಕ್ರೀಟಿನೊಳಗೇ ಮತ್ತೆ ಮನೆ ಸೇರಿತು.

ಈ ಉಳಿತಾಯವು ಹಣಕ್ಕೆ ಸೀಮಿತವಲ್ಲ. ಇಟ್ಟಿಗೆ ಸುಡಲು ಕಟ್ಟಿಗೆ ಬೇಕು. ಸಿಮೆಂಟಿನ ಕುಲುಮೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉರಿಯಬೇಕು. ಹೀಗಾಗಿ ಸಾಮಗ್ರಿಯನ್ನು ಉಳಿಸಿದವರು ಇಂಧನವನ್ನೂ ಉಳಿಸಿದಂತಾಗುತ್ತದೆ.

ಒಬ್ಬ ವಾಸ್ತುಶಿಲ್ಪಿಯ ಕೌಶಲವನ್ನು ಸಾವಿರಾರು ಮೇಸ್ತ್ರಿಗಳಿಗೆ ದಾಟಿಸಲು ಸಂಸ್ಥೆಗಳು ಬೇಕಾದವು. ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೇನೋನ್, ಕೆ.ಎನ್. ರಾಜ್, ಟಿ.ಆರ್. ಚಂದ್ರದತ್ ಮತ್ತು ಬೇಕರ್ ಸೇರಿ 1985ರಲ್ಲಿ ತ್ರಿಶೂರಿನಲ್ಲಿ 'ಕಾಸ್ಟ್‌ಫೋರ್ಡ್' ಸಂಸ್ಥೆಯನ್ನು ಕಟ್ಟಿದರು. ಅದು ಬೇಕರರು ಕೈಯಿಂದಲೇ ಬರೆದು ಚಿತ್ರಿಸಿದ ಪುಸ್ತಿಕೆಗಳನ್ನು ಪ್ರಕಟಿಸಿತು, ಕೆಲಸಗಾರರಿಗೆ ತರಬೇತಿ ನೀಡಿತು. ತಿರುವನಂತಪುರದ ಚೆಂಗಲ್‌ಚೂಳ ಮತ್ತು ಕರಿಮಠಂ ಬಡಾವಣೆಗಳಲ್ಲಿ ಬಡವರ ವಸತಿಗೆ ಇದೇ ವಿಧಾನಗಳು ಬಳಕೆಯಾದವು. 1987ರಲ್ಲಿ ಜಿ. ಶಂಕರ್ ಅವರು ತಿರುವನಂತಪುರದಲ್ಲಿ ಆರಂಭಿಸಿದ ಹ್ಯಾಬಿಟಾಟ್ ಟೆಕ್ನಾಲಜಿ ಗ್ರೂಪ್ ಮಣ್ಣು, ಬಿದಿರುಗಳ ಬಳಕೆಯನ್ನು ಮುಂದುವರಿಸಿತು. ಅವರಿಗೆ 2011ರಲ್ಲಿ ಪದ್ಮಶ್ರೀ ಲಭಿಸಿತು.

ಸರ್ಕಾರದ ಕಡೆಯಿಂದ ಆದ ಪ್ರಯತ್ನವೇ ನಿರ್ಮಿತಿ ಕೇಂದ್ರ. 1980ರ ದಶಕದ ನಡುವಿನಲ್ಲಿ ಕೊಲ್ಲಂ ಜಿಲ್ಲಾಧಿಕಾರಿಯಾಗಿದ್ದ ಸಿ.ವಿ. ಆನಂದ ಬೋಸ್ ಅಲ್ಲಿ ಮೊದಲ ಕೇಂದ್ರವನ್ನು ಆರಂಭಿಸಿದರು. ಕೆಲಸಗಾರರಿಗೆ ತರಬೇತಿ, ಸ್ಥಳೀಯ ಸಾಮಗ್ರಿಯಿಂದ ಕಿಟಕಿ ಚೌಕಟ್ಟು, ಇಟ್ಟಿಗೆಗಳ ತಯಾರಿ ಮತ್ತು ಮನೆ ಕಟ್ಟುವವರಿಗೆ ಸಲಹೆ ಈ ಮೂರೂ ಒಂದೇ ಸೂರಿನಡಿ ದೊರೆಯುತ್ತಿದ್ದವು. 1988ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಹುಡ್ಕೊ ಮೂಲಕ ದೇಶದಾದ್ಯಂತ ವಿಸ್ತರಿಸಿತು. ಕರ್ನಾಟಕದ ನಿರ್ಮಿತಿ ಕೇಂದ್ರಗಳ ಮೂಲ ಇಲ್ಲಿದೆ. ಕೇರಳದಲ್ಲಿ ರಾಜ್ಯ ನಿರ್ಮಿತಿ ಕೇಂದ್ರವು 'ಕಲವರ' ಎಂಬ ಮಳಿಗೆಗಳ ಮೂಲಕ ಬಡ ಕುಟುಂಬಗಳಿಗೆ ಸಿಮೆಂಟ್, ಉಕ್ಕುಗಳನ್ನು ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಒದಗಿಸುವ ವ್ಯವಸ್ಥೆಯನ್ನೂ ಮಾಡಿತು.

ಕೊಚ್ಚಿ ಕಲಿಸಿದ ಪಾಠ

ಕಟ್ಟಡ ಸಾಮಗ್ರಿಯ ವಿಷಯದಲ್ಲಿ ಕೊಚ್ಚಿ ಎರಡು ವಿರುದ್ಧ ಚಿತ್ರಗಳನ್ನು ಮುಂದಿಡುತ್ತದೆ. ಮಟ್ಟಾಂಚೇರಿಯ ಜ್ಯೂ ಟೌನ್ ಬೀದಿಯ ಅಂಗಡಿಗಳಲ್ಲಿ ಹಳೆಯ ತರವಾಡು ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳು ಮಾರಾಟಕ್ಕಿರುತ್ತವೆ. ಕೇರಳದ ಸಾಂಪ್ರದಾಯಿಕ ಮರಗೆಲಸವನ್ನು ಬಿಚ್ಚಿ ಬೇರೆಡೆ ಜೋಡಿಸಬಹುದಾದ್ದರಿಂದ ಶತಮಾನದ ಹಿಂದಿನ ತೊಲೆಗೆ ಇಂದಿಗೂ ಬೆಲೆಯಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಹಸ್ತಶಿಲ್ಪ ಗ್ರಾಮವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಇನ್ನೊಂದು ಚಿತ್ರ ಮರಡಿನದು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಹಿನ್ನೀರಿನ ದಡದಲ್ಲಿ ಕಟ್ಟಿದ ವಸತಿ ಸಮುಚ್ಚಯಗಳನ್ನು ಕೆಡವಬೇಕೆಂದು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳನ್ನು ಸ್ಫೋಟಕಗಳಿಂದ ಉರುಳಿಸಲಾಯಿತು. ಕೆಲವೇ ಸೆಕೆಂಡುಗಳಲ್ಲಿ ಬಿದ್ದ ಅವಶೇಷ 70 ಸಾವಿರ ಟನ್ನಿಗೂ ಹೆಚ್ಚು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಕಳೆದುಕೊಂಡವು. ನದಿಯ ಮರಳು, ಬೆಟ್ಟದ ಕಲ್ಲು, ಸಿಮೆಂಟು, ಜನರ ದುಡಿಮೆಯ ಹಣ ಎಲ್ಲವೂ ಒಮ್ಮೆಲೇ ಹಾಳಾದವು. ಕಾನೂನುಬದ್ಧವಾದ ಜಾಗದಲ್ಲಿ ಕಟ್ಟುವುದೇ ಸಾಮಗ್ರಿ ಉಳಿತಾಯದ ಮೊದಲ ಮೆಟ್ಟಿಲು ಎಂಬುದನ್ನು ಫ್ಲ್ಯಾಟ್ ಕೊಳ್ಳುವ ಪ್ರತಿ ಕುಟುಂಬವೂ ನೆನಪಿಡಬೇಕು.

ನೀರು: ಮಳೆಯ ನಾಡಿನ ಬಾಯಾರಿಕೆ

ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ತಿರುವನಂತಪುರದಲ್ಲಿ ಸುಮಾರು 1,800 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಬೇಸಗೆಯಲ್ಲಿ ಎರಡೂ ಕಡೆ ನೀರಿನ ಚಿಂತೆ ಕಾಣಿಸಿಕೊಳ್ಳುತ್ತದೆ. ಪಶ್ಚಿಮ ಘಟ್ಟದಿಂದ ಸಮುದ್ರಕ್ಕೆ ದೂರ ಕಡಿಮೆ, ಇಳಿಜಾರು ಹೆಚ್ಚು. ಬಿದ್ದ ನೀರು ಬಹುಬೇಗ ಕಡಲು ಸೇರುತ್ತದೆ. ಕೊಚ್ಚಿಯ ಸಮೀಪದ ವೈಪಿನ್‌ನಂತಹ ದ್ವೀಪಗಳಲ್ಲಿ ಸುತ್ತಲೂ ನೀರಿದ್ದರೂ ಬಾವಿಯ ನೀರು ಉಪ್ಪು. ಕುಡಿಯುವ ನೀರಿಗಾಗಿ ಅಲ್ಲಿನ ಹೆಂಗಸರು ಬೀದಿಗಿಳಿದು ಹೋರಾಡಿದ ಇತಿಹಾಸವಿದೆ.

ತಿರುವನಂತಪುರಕ್ಕೆ ಕರಮನ ನದಿಯ ಅರುವಿಕ್ಕರ ಮತ್ತು ಅದರ ಮೇಲಿನ ಪೇಪ್ಪಾರ ಜಲಾಶಯಗಳೇ ಆಧಾರ. 2016ರಲ್ಲಿ ಕೇರಳದ ನೈಋತ್ಯ ಮುಂಗಾರು ಮೂರನೆಯ ಒಂದು ಭಾಗದಷ್ಟು ಕೊರತೆಯಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಇಡೀ ರಾಜ್ಯವನ್ನು ಬರಪೀಡಿತವೆಂದು ಸಾರಲಾಯಿತು. 2017ರ ಮೇ ತಿಂಗಳಿಗೆ ಪೇಪ್ಪಾರ ಬರಿದಾಗುತ್ತ ಬಂದಾಗ ನೆಯ್ಯಾರ್ ಜಲಾಶಯದಿಂದ ತುರ್ತಾಗಿ ಪಂಪ್ ಮಾಡಿ ರಾಜಧಾನಿಗೆ ನೀರು ತರಬೇಕಾಯಿತು.

ಇಂತಹ ಅಪಾಯವನ್ನು ಸರ್ಕಾರ ಮೊದಲೇ ಮನಗಂಡಿತ್ತು. 2004ರಲ್ಲಿ ನಗರಸಭೆಗಳ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು ಹೊಸ ಕಟ್ಟಡಗಳಲ್ಲಿ ಚಾವಣಿಯ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. 2019ರ ಹೊಸ ನಿಯಮಗಳಲ್ಲೂ ಅದು ಮುಂದುವರಿಯಿತು. ಇದರ ಲಾಭವೆಷ್ಟು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. 100 ಚದರ ಮೀಟರ್ ಚಾವಣಿಯ ಮೇಲೆ ಕೊಚ್ಚಿಯಲ್ಲಿ ವರ್ಷಕ್ಕೆ 3 ಲಕ್ಷ ಲೀಟರ್ ಬೀಳುತ್ತದೆ. ಶೇಕಡಾ 80ರಷ್ಟು ಹಿಡಿದರೂ 2,40,000 ಲೀಟರ್. ತಿರುವನಂತಪುರದಲ್ಲಿ ಇದೇ ಲೆಕ್ಕದಿಂದ 1,44,000 ಲೀಟರ್. ನಾಲ್ವರ ಕುಟುಂಬಕ್ಕೆ ತಲೆಗೆ ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ಸುಮಾರು 1,97,000 ಲೀಟರ್.

ಆದರೆ ಮಳೆ ಬೀಳುವುದು ಕೆಲವೇ ತಿಂಗಳು. ತೊಂದರೆ ಇರುವುದು ಅದನ್ನು ಕಾದಿಡುವುದರಲ್ಲಿ. 10,000 ಲೀಟರಿನ ತೊಟ್ಟಿಯನ್ನು ಎಲ್ಲ ಬಳಕೆಗೂ ತೆರೆದರೆ 18 ದಿನಗಳಲ್ಲಿ ಖಾಲಿಯಾಗುತ್ತದೆ. ಅದೇ ತೊಟ್ಟಿಯನ್ನು ಕುಡಿಯಲು ಮತ್ತು ಅಡುಗೆಗೆ ಮಾತ್ರ ದಿನಕ್ಕೆ 40 ಲೀಟರಿನಂತೆ ಬಳಸಿದರೆ 250 ದಿನ ಬರುತ್ತದೆ. ಬಾವಿನೀರು ಉಪ್ಪಾದ ಕಡೆ ತೊಟ್ಟಿ ಬೇಕು, ಒಳ್ಳೆಯ ಬಾವಿ ಇರುವ ಕಡೆ ಅದಕ್ಕೇ ನೀರುಣಿಸುವುದು ಮೇಲು. ಈ ವಿವೇಕವಿಲ್ಲದೆ ನಿಯಮಕ್ಕಾಗಿ ಕಟ್ಟಿಸಿದ ತೊಟ್ಟಿ ಪರವಾನಗಿ ಸಿಕ್ಕಿದ ಮೇಲೆ ಮೂಲೆಗೆ ಬೀಳುವುದು ಸಹಜ.

ಬಾವಿಗೆ ನೀರುಣಿಸುವ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಸರಾದದ್ದು ತ್ರಿಶೂರು ಜಿಲ್ಲಾಡಳಿತ 2008ರಲ್ಲಿ ಆರಂಭಿಸಿದ 'ಮಳಪ್ಪೊಲಿಮ'. ತೆರೆದ ಬಾವಿಗಳ ದಟ್ಟಣೆಯಲ್ಲಿ ಕೇರಳ ದೇಶದಲ್ಲೇ ಮುಂಚೂಣಿಯಲ್ಲಿರುವುದರಿಂದ ಹೊಸದಾಗಿ ಏನನ್ನೂ ಅಗೆಯಬೇಕಿರಲಿಲ್ಲ. ಚಾವಣಿಯ ನೀರನ್ನು ಕೊಳವೆಯಲ್ಲಿ ತಂದು, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬಿಡುವುದಷ್ಟೇ ಕೆಲಸ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಲು ಒಂದು ಕವಾಟವಿದ್ದರೆ ಸಾಕು. ನೆರೆಹೊರೆಯವರೆಲ್ಲ ಹೀಗೆ ಮಾಡಿದರೆ ಅಂತರ್ಜಲ ಎಲ್ಲರಿಗೂ ಏರುತ್ತದೆ. ಒಬ್ಬರೇ ಮಾಡಿದರೆ ಫಲ ಹಂಚಿಹೋಗುತ್ತದೆ. ನಿವಾಸಿಗಳ ಸಂಘಗಳಿಗೆ ಹೇಳಿಮಾಡಿಸಿದ ಕೆಲಸ ಇದು.

ಈ ವಿಷಯದಲ್ಲಿ ಕನ್ನಡಿಗರ ಕೊಡುಗೆಯೂ ಸಣ್ಣದಲ್ಲ. ಕಾಸರಗೋಡು ಜಿಲ್ಲೆಯ ವಾಣಿನಗರದ ಶ್ರೀ ಪಡ್ರೆ ಅವರು 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ, ಮಳೆಕೊಯ್ಲಿನ ಬರಹಗಾರರಾಗಿ ಕೇರಳ, ಕರ್ನಾಟಕ ಎರಡರಲ್ಲೂ ಈ ವಿದ್ಯೆಯನ್ನು ಹರಡಿದ್ದಾರೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲದ ಸುರಂಗ ಕೊರೆದು ನೀರನ್ನು ಹೊರತರುವ ಪದ್ಧತಿ ಕಾಸರಗೋಡು ಮತ್ತು ದಕ್ಷಿಣ ಕನ್ನಡದಲ್ಲಿ ತಲೆಮಾರುಗಳಿಂದ ಇದೆ. ಆ ನೀರು ತನ್ನ ಇಳಿಜಾರಿನಿಂದಲೇ ಮನೆ ಸೇರುತ್ತದೆ. ಪಂಪೂ ಬೇಡ, ವಿದ್ಯುತ್ತೂ ಬೇಡ. ತೊರೆಗಳಿಗೆ ಹಿಂಗಾರಿನ ಕೊನೆಗೆ ಕಲ್ಲು ಮಣ್ಣಿನ 'ಕಟ್ಟ' ಹಾಕುವ ರೂಢಿಯೂ ಅಲ್ಲಿಯದೇ.

ವಿದ್ಯುತ್ತು ಮತ್ತು ಅಡುಗೆಯ ಇಂಧನ

ಕೇರಳದ ಸ್ವಂತ ವಿದ್ಯುತ್ತು ಬಹುಮಟ್ಟಿಗೆ ಜಲಾಶಯಗಳದು. ಬೇಡಿಕೆಯ ಬಹುಪಾಲನ್ನು ಹೊರಗಿನಿಂದ ಕೊಳ್ಳಬೇಕಾಗುತ್ತದೆ. ಆದ್ದರಿಂದ ಉಳಿತಾಯದ ಪ್ರಚಾರ ಇಲ್ಲಿ ಬೇಗನೆ ಆರಂಭವಾಯಿತು. ಹೊಸ ಇಂಧನ ಮೂಲಗಳಿಗಾಗಿ 1986ರಲ್ಲಿ 'ಅನರ್ಟ್' ಸಂಸ್ಥೆಯೂ, ಇಂಧನ ಸಂರಕ್ಷಣೆಗಾಗಿ 1996ರಲ್ಲಿ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಕೂಡ ತಿರುವನಂತಪುರದಲ್ಲಿ ಸ್ಥಾಪನೆಯಾದವು. ಎರಡನೆಯ ಸಂಸ್ಥೆಯು ಶಾಲಾ ಮಕ್ಕಳಿಗಾಗಿ ಸ್ಮಾರ್ಟ್ ಎನರ್ಜಿ ಕಾರ್ಯಕ್ರಮವನ್ನೂ, ಗೃಹಿಣಿಯರಿಗಾಗಿ 'ಊರ್ಜ ಕಿರಣ' ತಿಳಿವಳಿಕೆ ಶಿಬಿರಗಳನ್ನೂ ನಡೆಸಿದೆ.

ಇವೆಲ್ಲಕ್ಕಿಂತ ಮೊದಲೇ ಶಾಸ್ತ್ರ ಸಾಹಿತ್ಯ ಪರಿಷತ್ತು ಹೊಗೆ ಕಡಿಮೆಯಾಗುವ, ಸೌದೆ ಉಳಿಸುವ ಒಲೆಯನ್ನು 1980ರ ದಶಕದಲ್ಲಿ ಮನೆಮನೆಗೆ ಒಯ್ದಿತ್ತು. ಅನಂತರ ಬಂದದ್ದು 'ಚೂಡಾರಾಪ್ಪೆಟ್ಟಿ', ಅಂದರೆ ಬಿಸಿ ಆರದ ಪೆಟ್ಟಿಗೆ. ಕೇರಳದ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ಪಾತ್ರೆಯನ್ನು ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಶಾಖ ಹೊರಹೋಗದಂತೆ ಕಟ್ಟಿದ ಈ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರೆ ಒಳಗಿನ ಬಿಸಿಯಿಂದಲೇ ಅಕ್ಕಿ ಬೇಯುತ್ತದೆ. ಕುದಿಯುವವರೆಗಿನ ಅನಿಲ ಮಾತ್ರ ಖರ್ಚು. ಕರಾವಳಿಯ ಕುಚ್ಚಲಕ್ಕಿ ಉಣ್ಣುವ ನಮ್ಮ ಕುಟುಂಬಗಳಿಗೂ ಇದು ಅಷ್ಟೇ ಸೂಕ್ತ.

ಬಲ್ಬುಗಳ ಬದಲಾವಣೆ ಎರಡು ಹಂತಗಳಲ್ಲಿ ನಡೆಯಿತು. 2010ರಲ್ಲಿ ಕೇಂದ್ರದ ಬಚತ್ ಲ್ಯಾಂಪ್ ಯೋಜನೆಯಡಿ ಹಳೆಯ ಬಲ್ಬು ಹಿಂತಿರುಗಿಸಿದ ಮನೆಗಳಿಗೆ ತಲಾ ಎರಡು ಸಿ.ಎಫ್.ಎಲ್. ದೀಪಗಳನ್ನು 15 ರೂಪಾಯಿ ದರದಲ್ಲಿ ವಿತರಿಸಲಾಯಿತು. ಆ ದೀಪಗಳಲ್ಲಿ ಪಾದರಸವಿದ್ದುದರಿಂದ ಕೆಟ್ಟ ಮೇಲೆ ವಿಲೇವಾರಿಯ ಪ್ರಶ್ನೆ ಉಳಿಯಿತು. 2021ರಲ್ಲಿ 'ಫಿಲಮೆಂಟ್ ಮುಕ್ತ ಕೇರಳ' ಯೋಜನೆಯಡಿ ಎಲ್.ಇ.ಡಿ. ಬಲ್ಬುಗಳು ಬಂದವು. ಕಾಸರಗೋಡು ಜಿಲ್ಲೆಯ ಪೀಲಿಕ್ಕೋಡು ಪಂಚಾಯತಿ ಅದಕ್ಕೂ ಮುಂಚೆಯೇ ಫಿಲಮೆಂಟ್ ಬಲ್ಬುಗಳನ್ನು ಕೈಬಿಟ್ಟು ರಾಜ್ಯಕ್ಕೆ ಮಾದರಿಯಾಗಿತ್ತು. ಲೆಕ್ಕ ಸರಳವಾಗಿದೆ: 60 ವ್ಯಾಟಿನ ನಾಲ್ಕು ಬಲ್ಬುಗಳು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್, 9 ವ್ಯಾಟಿನ ನಾಲ್ಕು ಎಲ್.ಇ.ಡಿ.ಗಳಿಗೆ 5.4 ಯೂನಿಟ್.

ಸೌರ ವಿದ್ಯುತ್ತಿನಲ್ಲಿ ಕೊಚ್ಚಿಯ ಹೆಸರು ದೊಡ್ಡದು. 2015ರ ಆಗಸ್ಟ್ 18ರಂದು ಅಲ್ಲಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 12 ಮೆಗಾವ್ಯಾಟ್ ಘಟಕದೊಂದಿಗೆ ಸಂಪೂರ್ಣ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ನಿಲ್ದಾಣವೆನಿಸಿತು. 2018ರಲ್ಲಿ ವಿಶ್ವಸಂಸ್ಥೆಯ 'ಚಾಂಪಿಯನ್ಸ್ ಆಫ್ ದಿ ಅರ್ತ್' ಗೌರವ ಪಡೆಯಿತು. ಫಲಕಗಳ ನಡುವಿನ ನೆಲದಲ್ಲಿ ತರಕಾರಿ ಬೆಳೆಯುವುದು ಅಲ್ಲಿನ ವಿಶೇಷ. ಮನೆಗಳ ಚಾವಣಿಯಲ್ಲೂ ಫಲಕಗಳು ಹೆಚ್ಚಿವೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಸೂರ್ಯ ಬೆಳಗುವುದು ಹಗಲಿನಲ್ಲಿ, ಬೇಡಿಕೆ ಏರುವುದು ಸಂಜೆಯಿಂದ ರಾತ್ರಿಯವರೆಗೆ. 2024ರ ಬೇಸಗೆಯಲ್ಲಿ ಕೇರಳದ ಗರಿಷ್ಠ ಬೇಡಿಕೆ 5,500 ಮೆಗಾವ್ಯಾಟ್ ದಾಟಿತು. ಹವಾನಿಯಂತ್ರಕಗಳ ಹೆಚ್ಚಳ ಅದಕ್ಕೆ ಮುಖ್ಯ ಕಾರಣ. ಆದ್ದರಿಂದ ರಾತ್ರಿಯ ಹೊತ್ತು ಉಳಿಸಿದ ಯೂನಿಟ್ಟಿಗೆ ಹೆಚ್ಚಿನ ಬೆಲೆಯಿದೆ. ಟೊಳ್ಳು ಗೋಡೆ, ಹಂಚಿನ ತಾರಸಿಗಳ ತಂಪು ನೆನಪಾಗುವುದು ಇಲ್ಲಿಯೇ.

ಅಡುಗೆಮನೆಯ ತ್ಯಾಜ್ಯದಿಂದ ಅನಿಲ ಪಡೆಯುವ ಮನೆಬಳಕೆಯ ಘಟಕಗಳನ್ನು ತಿರುವನಂತಪುರದ 'ಬಯೋಟೆಕ್' ಸಂಸ್ಥೆ ಜನಪ್ರಿಯಗೊಳಿಸಿ 2007ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆಯಿತು. 2011ರ ಡಿಸೆಂಬರಿನಲ್ಲಿ ಸ್ಥಳೀಯರ ಪ್ರತಿಭಟನೆಯಿಂದ ವಿಳಪ್ಪಿಲ್‌ಶಾಲೆಯ ಕಸದ ಘಟಕ ಮುಚ್ಚಿದ ಮೇಲೆ ರಾಜಧಾನಿಯ ಮನೆಗಳಿಗೆ ಇಂತಹ ಘಟಕಗಳು ಅನಿವಾರ್ಯವೇ ಆದವು.

ಕರ್ನಾಟಕದ ಸಾಧನೆಗಳು

ನಮ್ಮ ನಾಡಿನಲ್ಲೂ ಇದೇ ಹಾದಿಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ ಅಸ್ತ್ರ ಒಲೆಯನ್ನು ನೀಡಿತು, ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಡದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ 'ಸೌರಭ' ಮನೆಯನ್ನು 1995ರಿಂದ ಮಳೆನೀರಿನಲ್ಲೇ ನಡೆಸಿ ತೋರಿಸಿದರು. 2009ರಲ್ಲಿ ಬೆಂಗಳೂರಿನಲ್ಲಿ ಮಳೆಕೊಯ್ಲು ಕಡ್ಡಾಯವಾಯಿತು. ಜಯನಗರದಲ್ಲಿ ಅದನ್ನು ಕಣ್ಣಾರೆ ಕಲಿಯಲು ಉದ್ಯಾನವೊಂದಿದೆ. ಹಾಗಿದ್ದರೂ 2024ರ ಬೇಸಗೆಯಲ್ಲಿ ನಗರ ಬಾಯಾರಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ವಿಧಿಸಬೇಕಾಯಿತು. ಕೇರಳದ ಅನುಭವವೂ ಇದೇ. ನಿಯಮವು ಕೊಳವೆಯನ್ನು ಹಾಕಿಸಬಹುದು. ವರ್ಷಕ್ಕೊಮ್ಮೆ ಸೋಸುಕವನ್ನು ತೊಳೆಯುವವರು ಮನೆಯವರೇ ಆಗಬೇಕು.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು

1. ಊರಿನಲ್ಲಿ ಮನೆ ಕಟ್ಟಿಸುವವರು ಗುತ್ತಿಗೆ ನೀಡುವ ಮೊದಲು ಜಿಲ್ಲಾ ನಿರ್ಮಿತಿ ಕೇಂದ್ರವನ್ನು ವಿಚಾರಿಸಬೇಕು. ಟೊಳ್ಳು ಗೋಡೆ, ಫಿಲ್ಲರ್ ಸ್ಲ್ಯಾಬ್ ತಿಳಿದ ಮೇಸ್ತ್ರಿಯೂ ಎಂಜಿನಿಯರರ ಲೆಕ್ಕಾಚಾರವೂ ಎರಡೂ ಅಗತ್ಯ. ತಿಳಿಯದವರ ಕೈಯಲ್ಲಿ ಉಳಿತಾಯ ಅಪಾಯವಾದೀತು.

2. ಹಳೆಯ ಮನೆ ಕೆಡವುವಾಗ ಹಂಚು, ತೊಲೆ, ಬಾಗಿಲು, ಇಟ್ಟಿಗೆಗಳನ್ನು ಎಣಿಸಿ ತೆಗೆದಿಡಬೇಕು. ಅವು ಹೊಸ ಮನೆಗೆ ಸಲ್ಲುತ್ತವೆ.

3. ಎಷ್ಟು ದೊಡ್ಡ ಮನೆ ಬೇಕೆಂದು ಮೊದಲು ಯೋಚಿಸಬೇಕು. 2011ರ ಜನಗಣತಿಯಲ್ಲಿ ಕೇರಳದ ಹತ್ತರಲ್ಲೊಂದಕ್ಕೂ ಹೆಚ್ಚು ಮನೆಗಳು ಖಾಲಿಯಿದ್ದವು. ವರ್ಷಕ್ಕೆ ಹತ್ತು ದಿನ ತೆರೆಯುವ ಮನೆಗೆ ನಾಲ್ಕು ಕೋಣೆಗಳ ಅಗತ್ಯವಿದೆಯೇ ಎಂಬುದು ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆ.

4. ಫ್ಲ್ಯಾಟುಗಳಲ್ಲಿ ಇರುವವರು ಪ್ರತಿ ಮನೆಗೂ ನೀರಿನ ಮೀಟರ್ ಹಾಕಿಸಲು, ನಲ್ಲಿಗಳಿಗೆ ಏರೇಟರ್ ಕೂರಿಸಲು ಸಂಘದಲ್ಲಿ ಒತ್ತಾಯಿಸಬಹುದು. ಚಾವಣಿಯ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಮೇ ತಿಂಗಳೊಳಗೆ ಒಮ್ಮೆ ನೋಡಿಬರಬೇಕು.

5. ಹಳೆಯ ಫ್ಯಾನು 75 ವ್ಯಾಟ್ ಬಳಸಿದರೆ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 10 ಗಂಟೆ ತಿರುಗಿದರೆ ಫ್ಯಾನೊಂದಕ್ಕೆ ತಿಂಗಳಿಗೆ 13.5 ಯೂನಿಟ್ ಉಳಿಯುತ್ತದೆ.

6. ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ, ನೀರಿನ ಪಂಪುಗಳನ್ನು ಸಂಜೆ 6ರಿಂದ ರಾತ್ರಿ 10ರ ನಡುವೆ ಬಳಸದಿರುವುದು ಒಳಿತು.

ನಮ್ಮ ಹಿರಿಯರು ಅಕ್ಕಿ ತೊಳೆದ ನೀರನ್ನು ದನಕ್ಕೆ ಕೊಟ್ಟರು, ಬಿದ್ದ ಮನೆಯ ಕಲ್ಲಿನಿಂದ ಕೊಟ್ಟಿಗೆ ಕಟ್ಟಿದರು, ದೀಪವನ್ನು ಹೊತ್ತು ನೋಡಿ ಹಚ್ಚಿದರು. ಕೇರಳದ ಕಾರ್ಯಕ್ರಮಗಳು ಆ ಮಿತವ್ಯಯಕ್ಕೆ ವಿಜ್ಞಾನದ ಲೆಕ್ಕವನ್ನು ಜೋಡಿಸಿವೆ. ಮುಂದಿನ ಬಾರಿ ತಿರುವನಂತಪುರಕ್ಕೆ ಹೋದವರು ದೇವರ ದರ್ಶನ ಮುಗಿಸಿ ತಂಬಾನೂರಿನ ಕಾಫಿ ಹೌಸಿನಲ್ಲಿ ಸ್ವಲ್ಪ ಹೊತ್ತು ಕುಳಿತು ಆ ಗೋಡೆಗಳನ್ನೊಮ್ಮೆ ಗಮನಿಸಲಿ. ಊರಿನಲ್ಲಿ ಮನೆ ಕಟ್ಟಿಸುವ ಯೋಚನೆಯಿದ್ದರೆ ಮಕ್ಕಳಿಗೂ ತೋರಿಸಲಿ.